ಕರಾವಳಿಯಿಂದ ನಾಸಿಕ್‌ನ ದ್ರಾಕ್ಷಿತೋಟಗಳಿಗೆ: ಹೊರಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮಂಗಳೂರು, ಉಡುಪಿಯ ಕಡೆಯಿಂದ ನಾಸಿಕ್‌ಗೆ ಹೋಗುವವರು ಸಾಮಾನ್ಯವಾಗಿ ತ್ರ್ಯಂಬಕೇಶ್ವರದ ದರ್ಶನ ಮುಗಿಸಿ, ಹಾಗೆಯೇ ಶಿರಡಿಗೂ ಹೋಗಿ ಊರಿಗೆ ಮರಳುತ್ತಾರೆ. ಅದೇ ನಾಸಿಕ್‌ನ ಪಶ್ಚಿಮಕ್ಕೆ ಗಂಗಾಪುರ ಅಣೆಕಟ್ಟಿನ ಹಿನ್ನೀರಿನ ಸುತ್ತಲೂ, ಉತ್ತರದ ದಿಂಡೋರಿ ತಾಲೂಕಿನಲ್ಲಿಯೂ, ಮುಂಬೈ ದಾರಿಯ ಇಗತ್‌ಪುರಿಯ ಆಸುಪಾಸಿನಲ್ಲಿಯೂ ದೇಶದ ಬಹುಪಾಲು ವೈನ್ ತಯಾರಾಗುತ್ತದೆ. 2010ರಲ್ಲಿ ‘ನಾಸಿಕ್ ವ್ಯಾಲಿ ವೈನ್’ಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರಕಿದೆ. ಅಕ್ಕ, ಭಾವ ಮತ್ತು ಅಮ್ಮನೊಂದಿಗೆ ಅಲ್ಲಿಗೆ ಹೋಗಿ ಬಂದ ಮೇಲೆ, ಇದೇ ಪ್ರಯಾಣವನ್ನು ಯೋಚಿಸುತ್ತಿರುವವರಿಗೆ ನಾನು ಮೊದಲು ಹೇಳುವುದು ಇಷ್ಟು: ವೈನ್ ಕುಡಿಯುವುದಕ್ಕಾಗಿ ನಾಸಿಕ್‌ವರೆಗೆ ಹೋಗಬೇಕಾದ ಅಗತ್ಯವಿಲ್ಲ, ಅಲ್ಲಿನ ಬಾಟಲಿಗಳು ಮಂಗಳೂರಿನ ಅಂಗಡಿಗಳಲ್ಲಿಯೇ ಸಿಗುತ್ತವೆ. ಬಳ್ಳಿಯಲ್ಲಿ ಹಣ್ಣಿರುವಾಗ ತೋಟದಲ್ಲಿ ನಡೆದಾಡಿ, ಆ ಹಣ್ಣು ರಸವಾಗಿ ತೊಟ್ಟಿಗೆ ಇಳಿಯುವುದನ್ನು ನೋಡುವ ಆಸೆಯಿದ್ದರೆ ಮಾತ್ರ ಹೋಗಿ. ಹಾಗಾಗಿ ಯಾವ ವೈನರಿ ಎನ್ನುವುದಕ್ಕಿಂತ ಯಾವ ತಿಂಗಳು ಎನ್ನುವುದನ್ನು ಮೊದಲು ತೀರ್ಮಾನಿಸಬೇಕು.

ನಾಸಿಕ್‌ನಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಸುಮಾರಾಗಿ ಜನವರಿಯಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಯುರೋಪಿನಲ್ಲಿ ಬಳ್ಳಿಯು ಚಳಿಗಾಲದಲ್ಲಿ ಎಲೆ ಉದುರಿಸಿ ವಿಶ್ರಮಿಸಿದರೆ, ನಮ್ಮ ಹವೆಯಲ್ಲಿ ಅದು ವರ್ಷವಿಡೀ ಚಿಗುರಲು ನೋಡುತ್ತದೆ. ಆದ್ದರಿಂದ ಇಲ್ಲಿನ ಬೆಳೆಗಾರರು ವರ್ಷಕ್ಕೆ ಎರಡು ಬಾರಿ ಬಳ್ಳಿಯ ಕೊಂಬೆಗಳನ್ನು ಕತ್ತರಿಸಿ ಸವರುತ್ತಾರೆ. ಕೊಯ್ಲಾದ ಮೇಲೆ ಏಪ್ರಿಲ್‌ನ ಹೊತ್ತಿಗೆ ಮಾಡುವ ಸವರಿಕೆ ಬಳ್ಳಿಯ ಬೆಳವಣಿಗೆಗೆ, ಮಳೆ ತಗ್ಗಿದ ಮೇಲೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮಾಡುವುದು ಹಣ್ಣಿಗೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಈ ಪ್ರದೇಶದಲ್ಲಿ ಹಗಲು ಬಿಸಿಲು, ರಾತ್ರಿ ಒಳ್ಳೆಯ ಚಳಿ ಇರುವ ಕಾಲದಲ್ಲಿ ಹಣ್ಣು ಮಾಗುವುದರಿಂದ ಸಿಹಿಯೊಂದಿಗೆ ಹುಳಿಯೂ ಉಳಿಯುತ್ತದೆ. ಮಳೆಗಾಲದಲ್ಲಿ ಇಗತ್‌ಪುರಿಯ ಘಟ್ಟ ಕಣ್ಣಿಗೆ ಹಬ್ಬವೇನೋ ಹೌದು, ಆದರೆ ಘಟ್ಟದ ಮಳೆ ನೋಡಲು ನಮ್ಮವರಿಗೆ ಆಗುಂಬೆಯೇ ಸಾಕು. ಆಗ ತೋಟದಲ್ಲಿ ಎಲೆಯ ಹೊರತು ಬೇರೇನೂ ಇರುವುದಿಲ್ಲ. ನನ್ನ ಮಟ್ಟಿಗೆ ಫೆಬ್ರವರಿಯೇ ಉತ್ತಮ ತಿಂಗಳು.

ದಿನಾಂಕ ಗೊತ್ತುಮಾಡುವಾಗ ಇನ್ನೆರಡು ವಿಷಯಗಳನ್ನು ನೆನಪಿಡಿ. ಗಣರಾಜ್ಯೋತ್ಸವದ ರಜೆಯನ್ನು ವಾರಾಂತ್ಯಕ್ಕೆ ಸೇರಿಸಿ ಹೊರಡುವ ಯೋಚನೆ ಸಹಜವಾಗಿ ಬರುತ್ತದೆ, ಆದರೆ ಜನವರಿ 26 ಮದ್ಯ ಮಾರಾಟವಿಲ್ಲದ ದಿನ. ಚುನಾವಣೆ ಇದ್ದರೆ ಅದಕ್ಕೂ ಇಂಥದೇ ನಿಷೇಧವಿರುತ್ತದೆ. ಎರಡನೆಯದಾಗಿ, ಶನಿವಾರ ಮತ್ತು ಭಾನುವಾರ ಮುಂಬೈ, ಪುಣೆಯ ಜನ ಗಂಗಾಪುರ ರಸ್ತೆಯಲ್ಲಿ ತುಂಬಿರುತ್ತಾರೆ. ಮಂಗಳವಾರ, ಬುಧವಾರಗಳಲ್ಲಿ ಹೋದರೆ ತೋಟ ತೋರಿಸುವವರಿಗೆ ನಮ್ಮ ಪ್ರಶ್ನೆಗಳಿಗೆ ಉತ್ತರಿಸುವ ವ್ಯವಧಾನವಿರುತ್ತದೆ, ವಸತಿಯೂ ಅಗ್ಗವಾಗಿ ಸಿಗುತ್ತದೆ. 2027ರಲ್ಲಿ ನಾಸಿಕ್ ಮತ್ತು ತ್ರ್ಯಂಬಕೇಶ್ವರದಲ್ಲಿ 12 ವರ್ಷಗಳ ಬಳಿಕ ಸಿಂಹಸ್ಥ ಕುಂಭಮೇಳ ನಡೆಯಲಿರುವುದರಿಂದ, ಆ ಅವಧಿಯಲ್ಲಿ ಕೇವಲ ದ್ರಾಕ್ಷಿತೋಟ ನೋಡುವವರು ಹೋಗದಿರುವುದೇ ಲೇಸು.

ಪ್ರಯಾಣಕ್ಕೆ ರೈಲಿಗಿಂತ ಒಳ್ಳೆಯ ದಾರಿಯಿಲ್ಲ. ನಮ್ಮಲ್ಲಿ ಅನೇಕರು ಮತ್ಸ್ಯಗಂಧ ರೈಲಿನಲ್ಲಿ ಮುಂಬೈಗೆ ಹೋಗಿ, ಅಲ್ಲಿ ಗಾಡಿ ಬದಲಿಸಬೇಕೆಂದು ತಿಳಿದಿದ್ದಾರೆ. ಆದರೆ ಎರ್ನಾಕುಳಂನಿಂದ ದೆಹಲಿಯ ನಿಜಾಮುದ್ದೀನ್‌ಗೆ ಹೋಗುವ ಮಂಗಳಾ ಎಕ್ಸ್‌ಪ್ರೆಸ್ ಮಂಗಳೂರು ಜಂಕ್ಷನ್ ಮತ್ತು ಉಡುಪಿಯ ಮೂಲಕ ಕೊಂಕಣ ರೈಲ್ವೆಯ ಹಳಿಯಲ್ಲಿ ಪನ್ವೇಲ್‌ಗೆ ಬಂದು, ಕಲ್ಯಾಣ್ ದಾಟಿ ನೇರವಾಗಿ ನಾಸಿಕ್ ರೋಡ್ ನಿಲ್ದಾಣವನ್ನು ಮುಟ್ಟುತ್ತದೆ. ರಾತ್ರಿ ಹತ್ತಿ ಮಲಗಿದರೆ ರತ್ನಾಗಿರಿಯ ಸುರಂಗಗಳನ್ನೂ ಸೇತುವೆಗಳನ್ನೂ ಹಗಲಿನಲ್ಲಿ ನೋಡುತ್ತಾ, ಸಂಜೆಯ ಹೊತ್ತಿಗೆ ನಾಸಿಕ್ ಸೇರಬಹುದು. ಈ ಗಾಡಿ ಹಂಪನಕಟ್ಟೆಯ ಬಳಿಯ ಸೆಂಟ್ರಲ್ ನಿಲ್ದಾಣಕ್ಕೆ ಬರುವುದಿಲ್ಲ, ಕಂಕನಾಡಿಯ ಜಂಕ್ಷನ್‌ಗೇ ಹೋಗಬೇಕು. ಉಡುಪಿಯವರಿಗೆ ಇಂದ್ರಾಳಿಯ ನಿಲ್ದಾಣ. ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ದೆಹಲಿಯವರೆಗಿನ ದೂರದ ಪ್ರಯಾಣಿಕರೂ ಇದರಲ್ಲೇ ಹೋಗುವುದರಿಂದ ತಡಮಾಡಿದರೆ ಸೀಟು ಸಿಗುವುದು ಕಷ್ಟ. ಮುಂಬೈವರೆಗೆ ವಿಮಾನದಲ್ಲಿ ಹೋಗುವವರು ಅಲ್ಲಿಂದ ಸುಮಾರು 170 ಕಿಲೋಮೀಟರ್ ರಸ್ತೆ ಪ್ರಯಾಣ ಮಾಡಬೇಕು. 2025ರ ಜೂನ್‌ನಲ್ಲಿ ಮುಂಬೈ–ನಾಗಪುರ ನಡುವಿನ ಸಮೃದ್ಧಿ ಮಹಾಮಾರ್ಗದ ಇಗತ್‌ಪುರಿಯಿಂದ ಆಮಣೆಯವರೆಗಿನ ಕೊನೆಯ ಭಾಗ ತೆರೆದ ಮೇಲೆ ಕಸಾರಾ ಘಟ್ಟದ ಬವಣೆ ತಪ್ಪಿದೆ. ಆದರೂ ಮುಂಬೈ ನಗರದಿಂದ ಹೊರಬೀಳುವಷ್ಟರಲ್ಲಿಯೇ ದಣಿವಾಗುತ್ತದೆ.

ನಾಸಿಕ್ ರೋಡ್ ನಿಲ್ದಾಣ ಊರಿನ ಪೂರ್ವಕ್ಕಿದೆ, ತೋಟಗಳಿರುವುದು ಪಶ್ಚಿಮಕ್ಕೆ. ಮೊದಲ ರಾತ್ರಿ ನಗರದಲ್ಲಿಯೇ ಉಳಿದುಕೊಂಡು ಮರುದಿನ ಗಂಗಾಪುರ ರಸ್ತೆಯ ಕಡೆ ಹೋಗುವುದು ಅನುಕೂಲ. ವೈನರಿಗಳಿಗೇ ಸೇರಿದ ವಸತಿಗೃಹಗಳಲ್ಲಿ ಬಾಡಿಗೆ ಹೆಚ್ಚು. ಆದರೂ ಒಂದು ರಾತ್ರಿಯಾದರೂ ಅಂಥಲ್ಲಿ ಉಳಿದರೆ ಬೆಳಗಿನ ಜಾವದ ತೋಟ ನೋಡಲು ಸಿಗುತ್ತದೆ, ಕೊಯ್ಲಿನ ಕೆಲಸ ನಡೆಯುವುದೂ ಬಿಸಿಲೇರುವ ಮುನ್ನ ಆ ತಂಪಿನಲ್ಲಿಯೇ. ಮೈಕೊರೆಯುವ ಚಳಿಗೆ ನಮ್ಮ ಊರಿನಲ್ಲಿ ಪೆಟ್ಟಿಗೆಯ ತಳ ಸೇರಿರುವ ಸ್ವೆಟರ್‌ಗಳನ್ನು ಮರೆಯದೆ ಒಯ್ಯಿರಿ. ಓಡಾಟಕ್ಕೆ ಚಾಲಕನಿರುವ ಕಾರನ್ನು ಇಡೀ ದಿನಕ್ಕೆ ಗೊತ್ತುಮಾಡಿ. ರುಚಿ ನೋಡುವುದೇ ಕಾರ್ಯಕ್ರಮವಾಗಿರುವಾಗ ಮನೆಯವರೊಬ್ಬರನ್ನು ಸ್ಟೇರಿಂಗ್ ಮುಂದೆ ಕೂರಿಸುವುದು ಅವರಿಗೂ ನ್ಯಾಯವಲ್ಲ, ಕಾನೂನಿಗೂ ಒಪ್ಪುವುದಿಲ್ಲ. ಹೋಗುವಾಗ ಸುಲಭವಾಗಿ ಸಿಗುವ ಆಟೋ, ಕತ್ತಲಾದ ಮೇಲೆ ಮರಳುವಾಗ ಸಿಗುತ್ತದೆಂಬ ಭರವಸೆಯಿಲ್ಲ.

ಮೊದಲ ಭೇಟಿಗೆ ಸುಲಾ ವಿನ್‌ಯಾರ್ಡ್ಸ್ ಸರಿಯಾದ ಆಯ್ಕೆ. ಜನಜಂಗುಳಿ ಹೆಚ್ಚು ಎಂಬ ದೂರು ನಿಜವಾದರೂ, ತಯಾರಿಕೆಯನ್ನು ಕ್ರಮವಾಗಿ ವಿವರಿಸುವ ವ್ಯವಸ್ಥೆ ಅಲ್ಲಿ ಚೆನ್ನಾಗಿದೆ. ಅಮೆರಿಕದಲ್ಲಿ ಓದಿ ಕೆಲಸ ಮಾಡಿದ್ದ ರಾಜೀವ್ ಸಾಮಂತ್ ಹಿಂದಿರುಗಿ ಇಲ್ಲಿ ಶುರುಮಾಡಿದ ಕೃಷಿಯೇ ಮುಂದೆ ವೈನರಿಯಾಗಿ, 2000ನೇ ಇಸವಿಯಲ್ಲಿ ಮೊದಲ ಬಾಟಲಿಗಳನ್ನು ಮಾರುಕಟ್ಟೆಗೆ ತಂದಿತು. 2001ರಲ್ಲಿ ಮಹಾರಾಷ್ಟ್ರ ಸರಕಾರ ವೈನ್ ಉದ್ಯಮಕ್ಕೆ ಪ್ರತ್ಯೇಕ ನೀತಿ ತಂದ ಮೇಲೆ ಸುತ್ತಮುತ್ತ ಇನ್ನೂ ಅನೇಕರು ಕೈಹಾಕಿದರು.

ತೋಟದಲ್ಲಿ ಮೊದಲು ಗಮನಿಸಬೇಕಾದದ್ದು ಬಳ್ಳಿಯನ್ನು ಹಬ್ಬಿಸಿರುವ ರೀತಿ. ದಾರಿಯುದ್ದಕ್ಕೂ ಕಾಣುವ ತಿನ್ನುವ ದ್ರಾಕ್ಷಿಯ ತೋಟಗಳಲ್ಲಿ ಬಳ್ಳಿ ನಮ್ಮ ಹಿತ್ತಿಲಿನ ಬಸಳೆ ಚಪ್ಪರದಂತೆ ತಲೆಯ ಮೇಲೆ ಹರಡಿರುತ್ತದೆ. ವೈನ್ ದ್ರಾಕ್ಷಿಯನ್ನು ಕಂಬ–ತಂತಿಗಳ ಆಸರೆಯಲ್ಲಿ ಬೇಲಿಯ ಹಾಗೆ ಸಾಲುಸಾಲಾಗಿ ನೇರಕ್ಕೆ ಏರಿಸಿರುವುದರಿಂದ ಗೊಂಚಲುಗಳಿಗೆ ಗಾಳಿಯೂ ಬೆಳಕೂ ಚೆನ್ನಾಗಿ ತಗಲುತ್ತವೆ. ಈ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ತಿಂದರೆ ಸಿಹಿ ಬಹಳ, ತಿರುಳು ಕಡಿಮೆ. ಅಡಿಕೆತೋಟಕ್ಕೆ ಕೊಳೆರೋಗದ ಮದ್ದು ಸಿಂಪಡಿಸಿ ಗೊತ್ತಿರುವ ಭಾವನಿಗೆ, ದ್ರಾಕ್ಷಿಗೂ ಶಿಲೀಂಧ್ರವೇ ದೊಡ್ಡ ಶತ್ರು ಮತ್ತು ಅದಕ್ಕೂ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವೇ ಹಳೆಯ ಮದ್ದು ಎಂಬುದು ಬಹಳ ಇಷ್ಟವಾದ ವಿಷಯ. ಆ ದ್ರಾವಣ ಮೊದಲು ಬಳಕೆಗೆ ಬಂದದ್ದೇ ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿಗೆ ಎಂದ ಮೇಲೆ ಅವನನ್ನು ತೋಟದಿಂದ ಹೊರಡಿಸುವುದು ಸುಲಭವಾಗಲಿಲ್ಲ.

ಒಳಗಿನ ಕೆಲಸವನ್ನು ಅವಸರವಿಲ್ಲದೆ ನೋಡಿ. ಬಿಳಿ ವೈನ್‌ಗೆ ಹಣ್ಣನ್ನು ಹಿಂಡಿ, ಸಿಪ್ಪೆಯನ್ನು ಬೇರ್ಪಡಿಸಿ, ರಸವನ್ನು ಮಾತ್ರ ಉಕ್ಕಿನ ತೊಟ್ಟಿಗಳಲ್ಲಿ ತಂಪಾಗಿಟ್ಟು ಹುದುಗಿಸುತ್ತಾರೆ. ಕೆಂಪು ವೈನ್ ಸಿಪ್ಪೆಯೊಡನೆಯೇ, ಅದಕ್ಕಿಂತ ಹೆಚ್ಚಿನ ಉಷ್ಣತೆಯಲ್ಲಿ ಹುದುಗುತ್ತದೆ. ಬಣ್ಣವೂ ನಾಲಿಗೆಯನ್ನು ಹಿಡಿಯುವ ಒಗರೂ ಬರುವುದು ಸಿಪ್ಪೆಯಿಂದ. ಸಿಪ್ಪೆಯನ್ನು ಕೆಲವೇ ಗಂಟೆಗಳಲ್ಲಿ ತೆಗೆದರೆ ನಸುಗೆಂಪಿನ ರೋಸೆ ವೈನ್. ಹುದುಗು ಎಬ್ಬಿಸುವ ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ಅದೇ ಹುದುಗನ್ನು ಮುಚ್ಚಿದ ಬಾಟಲಿಯೊಳಗೆ ಎರಡನೆಯ ಬಾರಿ ನಡೆಯಿಸಿದರೆ ಹೊರಹೋಗಲಾರದ ಅನಿಲದಿಂದ ಅದು ನೊರೆಯುಕ್ಕುವ ಸ್ಪಾರ್ಕ್ಲಿಂಗ್ ವೈನಾಗುತ್ತದೆ. ಓಕ್ ಮರದ ಪೀಪಾಯಿಗಳ ಕೋಣೆಯಲ್ಲಿ ಫೋಟೋ ತೆಗೆಸಿಕೊಳ್ಳುವವರ ಸಾಲಿರುತ್ತದೆ, ಆದರೆ ಎಲ್ಲ ವೈನನ್ನೂ ಪೀಪಾಯಿಯಲ್ಲಿಡುವುದಿಲ್ಲ. ಅಗ್ಗದ ಬಾಟಲಿಗಳಲ್ಲಿ ಹೆಚ್ಚಿನವು ಉಕ್ಕಿನ ತೊಟ್ಟಿಯಿಂದಲೇ ಹೊರಬರುತ್ತವೆ. ಕೊಯ್ಲಿನ ಕಾಲದಲ್ಲಿ ಪ್ರವಾಸಿಗರಿಗೆ ದ್ರಾಕ್ಷಿ ತುಳಿಯುವ ಆಟವೂ ಇರುತ್ತದೆ. ಮಕ್ಕಳಿಗೆ ಅದು ಖುಷಿ, ದೊಡ್ಡವರಿಗೆ ಕೊಡುವ ಹಣಕ್ಕೆ ತಕ್ಕದ್ದೆಂದು ನನಗನಿಸಲಿಲ್ಲ.

ರುಚಿ ನೋಡುವ ಕೋಣೆಯಲ್ಲಿ ಹಲವು ಬಗೆಯ ವೈನ್‌ಗಳನ್ನು ಗುಟುಕು ಗುಟುಕಾಗಿ, ಹಗುರವಾದ ಬಿಳಿಯಿಂದ ಆರಂಭಿಸಿ ಗಾಢವಾದ ಕೆಂಪಿನವರೆಗೆ, ಕೊನೆಗೆ ಸಿಹಿಯಾದುದನ್ನು ಕೊಡುತ್ತಾರೆ. ವಯಸ್ಸಿನ ದಾಖಲೆಗೆ ಆಧಾರ್ ಕಾರ್ಡ್ ಜೊತೆಯಲ್ಲಿರಲಿ, ಹೊಟ್ಟೆ ಖಾಲಿ ಇರದಿರಲಿ. ಬಾಯಲ್ಲಿ ಹೊರಳಿಸಿ ಉಗುಳಲು ಪಾತ್ರೆಯನ್ನು ಇಟ್ಟಿರುತ್ತಾರೆ, ಅದನ್ನು ಬಳಸಲು ಸಂಕೋಚಪಡಬೇಕಾಗಿಲ್ಲ. ನಮ್ಮ ಊರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್‌ಗೆ ಕೊಡುವ, ಸಕ್ಕರೆ ಬೆರೆತ ದ್ರಾಕ್ಷಿ ವೈನನ್ನಷ್ಟೇ ಕುಡಿದವರಿಗೆ ಒಗರಾದ ಕೆಂಪು ವೈನ್ ಕ್ಯಾಬರ್ನೆ ಸೋವಿನ್ಯೊನ್‌ನ ಮೊದಲ ಗುಟುಕು ಮುಖ ಕಿವುಚುವಂತೆ ಮಾಡಬಹುದು. ಅಂಥವರು ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್‌ನಿಂದ ಶುರುಮಾಡಲಿ. ಖಾರದ ಊಟದೊಂದಿಗೆ ಒಗರಾದ ಕೆಂಪು ವೈನ್ ಖಾರವನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ಆದ್ದರಿಂದ ಕುಂದಾಪುರದ ಘೀ ರೋಸ್ಟ್‌ಗೆ ಹೊಂದುವುದು ತಣ್ಣಗಿನ ರೋಸೆಯೇ ಎಂದು ಅಕ್ಕನ ಅಭಿಪ್ರಾಯ, ನನ್ನದೂ ಅದೇ.

ಒಂದು ದಿನಕ್ಕೆ ಎರಡು ವೈನರಿಗಿಂತ ಹೆಚ್ಚು ಬೇಡ. ಮೂರನೆಯದರಲ್ಲಿ ನಾಲಿಗೆಗೂ ತಲೆಗೂ ಏನೂ ತಿಳಿಯುವುದಿಲ್ಲ. ಸುಲಾಕ್ಕೆ ಹತ್ತಿರದಲ್ಲಿರುವ ಯಾರ್ಕ್ ವೈನರಿ 2021ರಿಂದ ಸುಲಾದ ಒಡೆತನಕ್ಕೇ ಸೇರಿದ್ದರೂ ಅಲ್ಲಿ ಜನ ಕಡಿಮೆ, ಹಿನ್ನೀರಿನ ಕಡೆಗೆ ಕುಳಿತು ಸಂಜೆ ಕಳೆಯಲು ಅದೇ ಹಿತ. ಸೋಮಾ ವೈನ್ ವಿಲೇಜ್ ಕೂಡ ಗಂಗಾಪುರದ ಕಡೆಯಲ್ಲಿಯೇ ಇದೆ. ಇನ್ನೊಂದು ದಿನ ಕೈಯಲ್ಲಿದ್ದರೆ ಇಗತ್‌ಪುರಿಯ ಕಡೆಯ ವಾಲೊನೆ ಅಥವಾ ಗ್ರೋವರ್ ಜಂಪಾಕ್ಕೆ ಹೋಗಬಹುದು. ಸಣ್ಣ ವೈನರಿಗಳಿಗೆ ಮೊದಲೇ ಫೋನ್ ಮಾಡಿ ಹೋಗಬೇಕು.

ನಮ್ಮ ಕಡೆಯ ಮನೆಗಳಲ್ಲಿ ಹಿರಿಯರನ್ನು ವೈನ್ ಪ್ರವಾಸಕ್ಕೆ ಹೊರಡಿಸಲು ಒಂದು ದೇವಸ್ಥಾನ ಇರಲೇಬೇಕು. ನಾಸಿಕ್‌ನಲ್ಲಿ ಅದಕ್ಕೆ ಕೊರತೆಯಿಲ್ಲ. ಸುಮಾರು 30 ಕಿಲೋಮೀಟರ್ ದೂರದ ತ್ರ್ಯಂಬಕೇಶ್ವರದ ಕಪ್ಪುಕಲ್ಲಿನ ದೇವಾಲಯವನ್ನು ಕಟ್ಟಿಸಿದವರು ಪೇಶ್ವೆ ಬಾಲಾಜಿ ಬಾಜಿರಾವ್. ಗೋದಾವರಿ ಹುಟ್ಟುವ ಬ್ರಹ್ಮಗಿರಿ ಅದರ ಹಿಂದೆಯೇ ಇದೆ. ಸೋಮವಾರ ಬಿಟ್ಟು ಬೇರೆ ದಿನ, ನಸುಕಿಗೇ ಹೊರಟರೆ ದರ್ಶನ ಬೇಗ ಆಗುತ್ತದೆ. ದಾರಿಯಲ್ಲಿ ಸಿಗುವ ಅಂಜನೇರಿ ಬೆಟ್ಟವೇ ಹನುಮಂತನ ಜನ್ಮಸ್ಥಳವೆಂದು ಅಲ್ಲಿಯವರು ಹೇಳಿದಾಗ, ಆನೆಗೊಂದಿಯ ಅಂಜನಾದ್ರಿಯನ್ನು ಹತ್ತಿಬಂದಿದ್ದ ಅಮ್ಮ ಸುಮ್ಮನೆ ನಕ್ಕರು. ನಗರದೊಳಗೆ ಪಂಚವಟಿ, ರಾಮಕುಂಡ, ಮತ್ತು 1930ರಲ್ಲಿ ಅಂಬೇಡ್ಕರ್ ಅವರ ನೇತೃತ್ವದಲ್ಲಿ ದಲಿತರ ಪ್ರವೇಶಕ್ಕಾಗಿ ಸತ್ಯಾಗ್ರಹ ನಡೆದ ಕಾಳಾರಾಮ ಮಂದಿರ ಒಂದರ ಬಳಿ ಒಂದಿವೆ. ಇತಿಹಾಸದಲ್ಲಿ ಆಸಕ್ತಿಯಿದ್ದವರು ಶಾತವಾಹನರ ಶಾಸನಗಳಿರುವ ಪಾಂಡವಲೇಣಿ ಗುಹೆಗಳಿಗೂ ಸಮಯ ತೆಗೆದಿಡಬೇಕು. ಬೆಳಗ್ಗೆ ದೇವಸ್ಥಾನ, ಮಧ್ಯಾಹ್ನದ ನಂತರ ದ್ರಾಕ್ಷಿತೋಟ ಎಂಬ ಕ್ರಮ ಯಾರಿಗೂ ಇರಿಸುಮುರಿಸಾಗದಂತೆ ನಡೆಯುತ್ತದೆ. ಕುಡಿಯದವರಿಗೂ ತೋಟ ಮತ್ತು ತಯಾರಿಕೆಯ ವೀಕ್ಷಣೆಗೆ ಅಡ್ಡಿಯಿಲ್ಲ.

ಊಟದ ವಿಷಯದಲ್ಲಿ ಹೇಳುವುದು ಸ್ವಲ್ಪವೇ. ಬೆಳಗಿನ ತಿಂಡಿಗೆ ಮೊಳಕೆಕಾಳಿನ ಖಾರದ ಮಿಸಳ್ ತಿನ್ನಲೇಬೇಕು. ವೈನರಿಗಳ ಹೋಟೆಲುಗಳಲ್ಲಿ ಪಿಜ್ಜಾ, ಪಾಸ್ತಾಗಳೇ ಮುಖ್ಯ, ಬೆಲೆಯೂ ಜಾಸ್ತಿ. ಮೀನಿನ ಆಸೆಯನ್ನು ಊರಿಗೆ ಮರಳುವವರೆಗೆ ಅದುಮಿಟ್ಟುಕೊಳ್ಳಿ.

ಬಾಟಲಿಗಳನ್ನು ಚೀಲದಲ್ಲಿ ತುಂಬಿಕೊಂಡು ಬರುವ ಉತ್ಸಾಹಕ್ಕೆ ಕಡಿವಾಣ ಹಾಕಿ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಮದ್ಯ ಒಯ್ಯಲು ಅಬಕಾರಿ ನಿಯಮಗಳಿವೆ. ಮಂಗಳಾ ಎಕ್ಸ್‌ಪ್ರೆಸ್ ಹಾದುಬರುವುದು ಮಹಾರಾಷ್ಟ್ರ, ಗೋವಾ, ಕರ್ನಾಟಕ ಮೂರರ ಮೂಲಕವೂ. ಹಿಡಿಸಿದ ವೈನಿನ ಹೆಸರನ್ನು ಬರೆದುಕೊಂಡು ಬಂದು ಇಲ್ಲಿಯೇ ಕೊಳ್ಳುವುದು ಲೇಸು. ನಾಸಿಕ್‌ನಷ್ಟು ದೂರ ಹೋಗಲು ರಜೆ ಸಾಲದವರಿಗೆ ನಮ್ಮ ರಾಜ್ಯದಲ್ಲಿಯೇ ಎರಡು ಜಾಗಗಳಿವೆ: ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ 1988ರಲ್ಲಿ ಕನ್ವಲ್ ಗ್ರೋವರ್ ಆರಂಭಿಸಿದ ವೈನರಿ, ಮತ್ತು ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣದ ಬಳಿ ಸುಲಾ ನಡೆಸುತ್ತಿರುವ ಡೊಮೈನ್ ಸುಲಾ. ಬೆಂಗಳೂರಿಗೆ ಮದುವೆಗೋ ಬೇರೆ ಕೆಲಸಕ್ಕೋ ಹೋದವರು ಇವುಗಳಲ್ಲಿ ಒಂದನ್ನು ಅರ್ಧ ದಿನದಲ್ಲಿ ನೋಡಿ, ರಾತ್ರಿಯ ಬಸ್ಸಿಗೆ ಊರಿಗೆ ಹೊರಡಬಹುದು.