ಎದ್ದು ನಿಂತ ಮೇಲೆ

2006ರ ಅಕ್ಟೋಬರ್ 16, ಸೋಮವಾರ. ಎರಡನೆಯ ತರಗತಿ ಮುಗಿದ ಕೂಡಲೇ ಕುಮಟಾದ ನಮ್ಮ ಕಾಲೇಜಿನ ಅಂಗಳದಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರೆಲ್ಲ ಸೇರಿದೆವು. ಬಡತನದ ವಿರುದ್ಧ ಎದ್ದು ನಿಲ್ಲಿ ಎಂದು ವಿಶ್ವಸಂಸ್ಥೆಯ ಸಹಸ್ರಮಾನ ಅಭಿಯಾನ ಜಗತ್ತಿಗೆಲ್ಲ ಕರೆ ಕೊಟ್ಟಿತ್ತು. ಹಿಂದಿನ ದಿನ ಮಧ್ಯಾಹ್ನದಿಂದ ಈ ದಿನ ಮಧ್ಯಾಹ್ನದವರೆಗಿನ 24 ಗಂಟೆಗಳಲ್ಲಿ ಬೇರೆ ಬೇರೆ ದೇಶಗಳ ಜನ ತಾವಿದ್ದಲ್ಲೇ ಎದ್ದು ನಿಂತು, 2000ನೇ ಇಸವಿಯಲ್ಲಿ ಸಹಸ್ರಮಾನದ ಗುರಿಗಳೆಂಬ ಹೆಸರಿನಲ್ಲಿ ಬಡತನ ಇಳಿಸುವುದಾಗಿ 189 ದೇಶಗಳು ಕೊಟ್ಟ ಮಾತನ್ನು ಅವುಗಳ ನಾಯಕರು ಉಳಿಸಿಕೊಳ್ಳಬೇಕೆಂದು ಪ್ರತಿಜ್ಞೆ ಓದುವುದು ಕಾರ್ಯಕ್ರಮವಾಗಿತ್ತು. ನಾವೂ ಓದಿದೆವು. ಆ ಒಂದು ದಿನದಲ್ಲಿ 2 ಕೋಟಿ 35 ಲಕ್ಷಕ್ಕೂ ಹೆಚ್ಚು ಜನ ಹಾಗೆ ನಿಂತಿದ್ದರೆಂದು ಆಮೇಲೆ ತಿಳಿದಾಗ, ಆ ಎಣಿಕೆಯಲ್ಲಿ ನಾವೂ ಸೇರಿದ್ದೇವೆಂಬ ಸಂತೋಷ ಹಲವು ದಿನ ನಮ್ಮಲ್ಲಿ ಉಳಿದಿತ್ತು.

ಪ್ರತಿಜ್ಞೆ ಮುಗಿದ ಮೇಲೆ ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ಭಾಷಣ ಮಾಡಲಿಲ್ಲ. ಒಂದು ಪ್ರಶ್ನೆಯನ್ನು ಮಾತ್ರ ಕೇಳಿದರು: "ಇಷ್ಟು ಹೊತ್ತು ಯಾರಿಗಾಗಿ ನಿಂತಿರೋ ಅವರಲ್ಲಿ ನೀವು ಹೆಸರು ಹಿಡಿದು ಕರೆಯಬಲ್ಲವರು ಎಷ್ಟು ಮಂದಿ ಇದ್ದಾರೆ?" ಯಾರೂ ಉತ್ತರಿಸಲಿಲ್ಲ. ನನ್ನಲ್ಲಿ ಉತ್ತರವಿತ್ತು. ಆ ಹೊತ್ತಿಗೆ ನನ್ನ ತಾಯಿ ಅಘನಾಶಿನಿ ಹೊಳೆಯ ಅಳಿವೆಯಲ್ಲಿ ಇಳಿತದ ಸಮಯ ನೋಡಿಕೊಂಡು ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಆಯುತ್ತಿದ್ದರು. ಆದರೂ ಆ ಹೆಸರನ್ನು ಗೆಳತಿಯರ ಎದುರು ಹೇಳುವ ಧೈರ್ಯ ನನಗಾಗಲಿಲ್ಲ.

ಮರುದಿನದ ತರಗತಿಯಲ್ಲಿ ಅಧ್ಯಾಪಕರು ದಿನಕ್ಕೊಂದು ಡಾಲರ್ ಎಂಬ ಬಡತನದ ಗೆರೆಯನ್ನು ಬಿಡಿಸಿ ಹೇಳಿದರು. ಆಗ ಡಾಲರಿಗೆ ಸುಮಾರು 45 ರೂಪಾಯಿ ಇತ್ತು. ದಿನಕ್ಕೆ 45 ರೂಪಾಯಿಗಿಂತ ಕಡಿಮೆ ಗಳಿಸುವವರೇ ಕಡುಬಡವರು ಎಂದು ನಾವೆಲ್ಲ ಬರೆದುಕೊಂಡಿದ್ದೆವು. ಅದು ತಪ್ಪೆಂದು ಅವರು ತಿದ್ದಿದರು. ವಿಶ್ವಬ್ಯಾಂಕಿನ ಡಾಲರು ಪೇಟೆಯ ವಿನಿಮಯ ದರದ ಡಾಲರಲ್ಲ, ಕೊಳ್ಳುವ ಶಕ್ತಿಯ ಡಾಲರು. ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸಾಮಾನು ನಮ್ಮಲ್ಲಿ ಎಷ್ಟು ರೂಪಾಯಿಗೆ ಸಿಗುತ್ತದೆ ಎಂಬುದು ಅದರ ಲೆಕ್ಕ. ಆದ್ದರಿಂದ ನಮ್ಮ ದೇಶದಲ್ಲಿ ಆ ಗೆರೆ 45 ರೂಪಾಯಿಗಿಂತ ಬಹಳ ಕೆಳಗಿದೆ ಎಂದು ವಿವರಿಸಿದರು. ಹಾಗಾದರೆ ಆ ಗೆರೆಯ ಕೆಳಗಿನ ಬದುಕು ಎಂಥದ್ದೆಂದು ಯೋಚಿಸುತ್ತಾ ನಾನು ಅಂದು ಮನೆಗೆ ನಡೆದೆ.

ಅದರ ಹಿಂದಿನ ವಾರವಷ್ಟೇ ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ ಅವರಿಗೂ ಬಡವರಿಗೆ ಸಣ್ಣ ಸಾಲ ಕೊಡಲು ಅವರು ಕಟ್ಟಿದ ಗ್ರಾಮೀಣ ಬ್ಯಾಂಕಿಗೂ ನೊಬೆಲ್ ಶಾಂತಿ ಪ್ರಶಸ್ತಿ ಘೋಷಣೆಯಾಗಿತ್ತು. 1976ರಲ್ಲಿ ಜೋಬ್ರಾ ಗ್ರಾಮದ 42 ಜನರ ಸಾಲವೆಲ್ಲ ಕೂಡಿದರೆ ಕೇವಲ 27 ಡಾಲರ್ ಆಗುತ್ತಿತ್ತೆಂಬ ಕಥೆಯನ್ನು ಪತ್ರಿಕೆಗಳು ಬರೆದವು. ನಮ್ಮ ಅಧ್ಯಾಪಕರು ಅದರಲ್ಲಿ ಎತ್ತಿ ತೋರಿಸಿದ್ದು ಬೇರೆಯೇ ಸಂಗತಿ: ಆ 42 ಹೆಸರುಗಳ ಪಟ್ಟಿ ಮಾಡಿದ್ದು ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿನಿ. (ಸಾಲ ಕೊಟ್ಟ ಮಾತ್ರಕ್ಕೆ ಬಡತನ ಕಳೆಯುತ್ತದೆಂದು ನಾನು ನಂಬುವುದಿಲ್ಲ, ಸಂಘದ ಸಾಲವನ್ನು ಆಸ್ಪತ್ರೆಗೆ ಕಟ್ಟಿ ಮತ್ತೊಂದು ಸಾಲಕ್ಕೆ ಕೈ ಚಾಚಿದ ಮನೆಗಳನ್ನು ನಾನು ಕಂಡಿದ್ದೇನೆ. ಆದರೆ ಪಟ್ಟಿ ಮಾಡಿದ ಆ ವಿದ್ಯಾರ್ಥಿನಿಯ ಬಗ್ಗೆ ನನ್ನ ಗೌರವ ಕಡಿಮೆಯಾಗಿಲ್ಲ.)

ಆ ವರ್ಷದ ಏಳು ದಿನಗಳ ವಿಶೇಷ ಶಿಬಿರ ಅಘನಾಶಿನಿ ದಡದ ಒಂದು ಗಜನಿ (ಹೊಳೆಯಂಚಿನ ಉಪ್ಪುನೀರಿನ ಗದ್ದೆ) ಊರಿನಲ್ಲಿ ನಡೆಯಿತು. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವ ಆ ಗದ್ದೆಗಳಿಗೆ ಒಡ್ಡೇ ಜೀವ. ಒಡ್ಡು ಒಡೆದರೆ ಹೊಳೆಯ ನೀರು ನುಗ್ಗಿ ವರ್ಷದ ಒಂದೇ ಬೆಳೆಯೂ ಹೋಗುತ್ತದೆ. ಬೆಳಿಗ್ಗೆ ಒಡ್ಡಿಗೆ ಮಣ್ಣು ಹೊರುತ್ತಿದ್ದೆವು. ಮಧ್ಯಾಹ್ನದ ನಂತರ ಇಬ್ಬಿಬ್ಬರಾಗಿ ಮನೆಗಳಿಗೆ ಹೋಗುತ್ತಿದ್ದೆವು. ಆದಾಯ ಎಷ್ಟೆಂದು ಯಾರನ್ನೂ ಕೇಳಕೂಡದು ಎಂಬುದು ಅಧ್ಯಾಪಕರ ಕಟ್ಟಪ್ಪಣೆ. ಒಂದು ದೊಡ್ಡ ದಾಖಲೆ ಪುಸ್ತಕದಲ್ಲಿ ಮನೆಗೊಂದು ಪುಟ, ಪುಟಕ್ಕೆ ಹನ್ನೆರಡು ತಿಂಗಳ ಹನ್ನೆರಡು ಗೆರೆ. ಯಾವ ತಿಂಗಳು ಅಕ್ಕಿ ಮುಗಿಯುತ್ತದೆ, ಯಾವ ತಿಂಗಳು ಸಾಲ ಮಾಡುತ್ತೀರಿ, ಯಾವುದಕ್ಕೆ ಎಂದಷ್ಟೇ ಕೇಳಬೇಕಿತ್ತು. ಪುಟಗಳು ತುಂಬಿದಂತೆ ಬಹುತೇಕ ಎಲ್ಲ ಮನೆಗಳ ಸಾಲವೂ ದೋಣಿಗಳು ದಡ ಸೇರಿ ಕೂಲಿಯೂ ಇಲ್ಲವಾಗುವ ಮಳೆಗಾಲದ ತಿಂಗಳುಗಳಲ್ಲಿ ಒತ್ತಾಗಿ ನಿಂತಿರುವುದು ಕಾಣಿಸಿತು. ಬಡತನಕ್ಕೂ ಋತುಮಾನವಿದೆ ಎಂಬುದನ್ನು ನಾನು ಕಲಿತದ್ದು ಪಠ್ಯದಿಂದಲ್ಲ, ಆ ಪುಸ್ತಕದಿಂದ.

ಒಂದು ಮನೆಯನ್ನು ಇಂದಿಗೂ ಮರೆತಿಲ್ಲ. ಹಾಲಕ್ಕಿ ಒಕ್ಕಲಿಗರ ಆ ಮನೆಯ ಮುಂದಿನ ಗದ್ದೆಯನ್ನು ಮೂರು ತಲೆಮಾರು ಗೇಣಿಗೆ ಮಾಡಿದವರು ಅವರೇ. ಪಹಣಿಯಲ್ಲಿ ಅವರ ಹೆಸರು ಮಾತ್ರ ಇರಲಿಲ್ಲ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಉಳುವವನನ್ನೇ ಒಡೆಯನನ್ನಾಗಿ ಮಾಡಿದರೂ, ಅದಕ್ಕಾಗಿ ಗೇಣಿದಾರ ನಮೂನೆ 7ರಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕಿತ್ತು. ಕೊನೆಯ ಗಡುವು 1979ರ ಜೂನ್ 30. ಆ ಮನೆಯ ಅಜ್ಜನಿಗೆ ಓದು ಬರುತ್ತಿರಲಿಲ್ಲ, ಓದಿ ಹೇಳುವವರೂ ಬರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಸಾವಿರಾರು ಮನೆಗಳನ್ನು ಎತ್ತಿ ನಿಲ್ಲಿಸಿದ ಕಾನೂನು ಆ ಮನೆಯ ಅಂಗಳಕ್ಕೆ ಬಾರದೆ ಹೋದದ್ದು ಒಂದು ಹಾಳೆಯ ಕೊರತೆಯಿಂದ. 2005ರ ಫೆಬ್ರುವರಿಯಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ನೆಲ್ಸನ್ ಮಂಡೇಲಾ ಅವರು, ಗುಲಾಮಗಿರಿಯಂತೆ ಬಡತನವೂ ಪ್ರಕೃತಿ ತಂದದ್ದಲ್ಲ, ಮನುಷ್ಯರು ಮಾಡಿದ್ದು, ಮನುಷ್ಯರೇ ಅಳಿಸಬಲ್ಲದ್ದು ಎಂದು ನೆರೆದ ಜನರನ್ನು ಉದ್ದೇಶಿಸಿ ಹೇಳಿದ್ದರು. ಆ ಮಾತು ನಮ್ಮ ಸೂಚನಾ ಫಲಕದಲ್ಲಿ ಬಹುಕಾಲ ಇತ್ತು. ಅದರ ಅರ್ಥ ನನಗೆ ತಿಳಿದದ್ದು ಆ ಜಗಲಿಯ ಮೇಲೆ ಕುಳಿತಾಗ.

ಉದ್ಯೋಗ ಖಾತರಿ ಕಾಯ್ದೆ 2006ರ ಫೆಬ್ರುವರಿಯಲ್ಲಿ 200 ಜಿಲ್ಲೆಗಳಲ್ಲಿ ಆರಂಭವಾಗಿದ್ದರೂ ಉತ್ತರ ಕನ್ನಡಕ್ಕೆ ಬಂದದ್ದು 2008ರ ಏಪ್ರಿಲ್‌ನಲ್ಲಿ, ನಾವು ಪದವಿ ಮುಗಿಸುವ ಹೊತ್ತಿಗೆ. ಆ ವರ್ಷದ ದೀಪಾವಳಿಯ ನಂತರ ನಾವು ನಾಲ್ವರು ಹಳೆಯ ಸ್ವಯಂಸೇವಕರು ಅದೇ ಊರಿಗೆ ಮರಳಿದೆವು. ಈ ಸಲ ನಾವು ಕೊಂಡುಹೋದದ್ದು ಕಾಯ್ದೆಯ ಪ್ರತಿ ಮತ್ತು ಅರ್ಜಿ ಹಾಳೆಗಳು. ಕೆಲಸ ಕೇಳಿ ಅರ್ಜಿ ಕೊಟ್ಟವರಿಗೆ ದಿನಾಂಕ ಹಾಕಿದ ರಸೀದಿ ಕೊಡಬೇಕು, 15 ದಿನಗಳೊಳಗೆ ಕೆಲಸ ಕೊಡಬೇಕು, ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಎಂದು ಅದರಲ್ಲಿತ್ತು. ದಿನಾಂಕವಿಲ್ಲದಿದ್ದರೆ 15 ದಿನ ಎಲ್ಲಿಂದ ಎಣಿಸುವುದು? ಹಾಗಾಗಿ ಕಾಯ್ದೆಯ ಪ್ರಾಣವೆಲ್ಲ ಆ ಸಣ್ಣ ಚೀಟಿಯಲ್ಲಿತ್ತು. ಪಂಚಾಯಿತಿ ಕಚೇರಿಯಲ್ಲಿ ಅರ್ಜಿಗಳನ್ನು ಇಟ್ಟುಕೊಂಡರು. ರಸೀದಿಯ ಪದ್ಧತಿ ಇಲ್ಲವೆಂದರು. ಮರುವಾರವೂ ಹಾಗೆಯೇ ಆಯಿತು. ಮೂರನೆಯ ಸಲ ಊರಿನ ಹೆಂಗಸರೆಲ್ಲ ನಮ್ಮೊಡನೆ ಬಂದು ವರಾಂಡದಲ್ಲಿ ಕುಳಿತರು. ನಾನು ಸಂಬಂಧಪಟ್ಟ ಸಾಲನ್ನು ಗಟ್ಟಿಯಾಗಿ ಓದಿದೆ. ಆ ಸಂಜೆಯೊಳಗೆ ಎಲ್ಲರ ಕೈಗೂ ರಸೀದಿ ಬಂತು. ನಮೂನೆ 7 ಕೊಡದೆ ಹೋದ ಆ ಅಜ್ಜನ ಸೊಸೆ ಚೀಟಿಯನ್ನು ಬೆಳಕಿಗೆ ಹಿಡಿದು, "ನನ್ನ ಹೆಸ್ರು ಎಲ್ಲಿ ಅದೆ ತಂಗಿ, ತೋರ್ಸು" ಎಂದರು. ನಾನು ಬೆರಳಿಟ್ಟು ತೋರಿಸಿದೆ. ಅವರು ಅದೇ ಜಾಗದಲ್ಲಿ ತಮ್ಮ ಬೆರಳನ್ನಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಮುಂದೆ ಅವರಿಗೆ ಕೆಲಸ ಸಿಕ್ಕಿತು, ಕೂಲಿ ಬರಲು ತಡವಾಯಿತು, ಮತ್ತೆ ಓಡಾಡಿದೆವು.

ಸಹಸ್ರಮಾನದ ಗುರಿಗಳಲ್ಲಿ ಮೊದಲನೆಯದು, ಅಂದರೆ ಕಡುಬಡವರ ಪಾಲನ್ನು 1990ರಲ್ಲಿ ಇದ್ದುದರ ಅರ್ಧಕ್ಕೆ ಇಳಿಸುವುದು, ಗಡುವಿಗೆ ಐದು ವರ್ಷ ಮೊದಲೇ, 2010ರಲ್ಲಿ ಕೈಗೂಡಿತು. ನಾವು ನಿಂತದ್ದರಿಂದ ಅದಾಯಿತೆಂದು ನಾನು ಹೇಳಲಾರೆ. ಚೀನಾ ಮತ್ತು ಭಾರತದಲ್ಲಿ ಆದ ಬದಲಾವಣೆಯೇ ಅದರ ದೊಡ್ಡ ಭಾಗ. 2015ರಲ್ಲಿ ಒಪ್ಪಿಕೊಂಡ 17 ಗುರಿಗಳ ಪ್ರಕಾರ 2030ರೊಳಗೆ ಕಡುಬಡತನ ಇಲ್ಲವಾಗಬೇಕು. ವಿಶ್ವಬ್ಯಾಂಕು 2025ರಲ್ಲಿ ಗೆರೆಯನ್ನು ದಿನಕ್ಕೆ 3 ಡಾಲರಿಗೆ ಏರಿಸಿದೆ, ಅದರ ಕೆಳಗೆ ಇನ್ನೂ ಸುಮಾರು 80 ಕೋಟಿ ಜನರಿದ್ದಾರೆ. ಈಗ ನಮ್ಮ ಕಾಲೇಜಿನಲ್ಲಿ ಓದುತ್ತಿರುವ ತಮ್ಮಂದಿರು ತಂಗಿಯರು ಶಿಬಿರಕ್ಕೆ ಹೋಗುವಾಗ ಪೊರಕೆ, ಬುಟ್ಟಿಗಳ ಜೊತೆಗೆ ಆ ವರ್ಷ ಜಾರಿಯಲ್ಲಿರುವ ಯೋಜನೆಗಳ ಅರ್ಜಿ ನಮೂನೆಗಳನ್ನೂ ಕೊಂಡುಹೋಗಲಿ, ಅರ್ಜಿ ಕೊಟ್ಟ ಮೇಲೆ ರಸೀದಿ ಬರುವವರೆಗೆ ಆ ಮನೆಯವರ ಜೊತೆ ಇರಲಿ ಎಂಬುದು ನನ್ನ ಕೋರಿಕೆ.

ಶಿಬಿರದ ಆ ದಾಖಲೆ ಪುಸ್ತಕ ಇಷ್ಟು ವರ್ಷ ನನ್ನ ಬಳಿಯೇ ಇತ್ತು. ಈ ಬರಹದೊಂದಿಗೆ ಅದನ್ನು ಕಾಲೇಜಿನ ಗ್ರಂಥಾಲಯಕ್ಕೆ ಒಪ್ಪಿಸುತ್ತಿದ್ದೇನೆ. ಕೊನೆಯ ಪುಟ ಆ ಊರಿನದಲ್ಲ. ಶಿಬಿರ ಮುಗಿಸಿ ಬಂದ ರಾತ್ರಿ ಚಿಮಣಿ ದೀಪದ ಮುಂದೆ ನನ್ನ ತಾಯಿಯನ್ನು ಕೂರಿಸಿಕೊಂಡು, ಹನ್ನೆರಡು ತಿಂಗಳನ್ನೂ ಒಂದೊಂದಾಗಿ ಕೇಳಿ ಬರೆದದ್ದು. ಮೇಲ್ಗಡೆ ಅವರ ಪೂರ್ತಿ ಹೆಸರಿದೆ.