ಸಾಹೇಬ್ರ ಮುಂದ ಬಾಯಿ ಬಂತು

ಇವತ್ತು ಬೆಳಗಾವಿಗೆ ಹೋಗಿದ್ದೆ, ಕ್ರಿಸ್‌ಮಸ್ ಮೆರವಣಿಗಿ ಪರ್ಮಿಷನ್ ಕೇಳಾಕ. ದೊಡ್ಡ ಸಾಹೇಬ್ರು ಅರ್ಜಿ ನೋಡಿ "ಯೇಸು ಯೇಸು ಅಂತೀರಲ್ಲ, ಅಂವ ಏನ್ ಕೊಟ್ಟಾನ ನಿಮಗ?" ಅಂದ್ರು, ಸುತ್ತ ನಾಕ್ ಮಂದಿ ನಕ್ರು, ನನ್ನ ಬಾಯಿ ಒಣಗಿಹೋತು.

ನಿನ್ನೆ ರಾತ್ರಿನ ಬೈಬಲ್‌ನ್ಯಾಗ ಅಪೊಸ್ತಲರ ಕೃತ್ಯಗಳು 26ನೇ ಅಧ್ಯಾಯ ಓದಿದ್ದೆ. ಕೈಸರೈಯ ಊರಾಗ, ಯೇಸುನ ಸುದ್ದಿ ಸಾರೂ ಪೌಲ ಬೇಡಿ ಹಾಕ್ಕೊಂಡ ಅಗ್ರಿಪ್ಪ ರಾಜನ ಮುಂದ ನಿಂತು ದಮಸ್ಕ ಊರಿನ ದಾರ್ಯಾಗ ಯೇಸು ತನಗ ಹೆಂಗ ಕಾಣಿಸ್ಕೊಂಡ ಅನ್ನೂದನ್ನ ಹೇಳ್ತಾನ, ನಡುವ ರೋಮಿನ ಅಧಿಕಾರಿ ಫೆಸ್ತ "ನಿನಗ ಹುಚ್ಚು ಹಿಡದೈತಿ" ಅಂತ ಒದರ್ತಾನ, ಆದ್ರೂ ಪೌಲ ಸಿಟ್ಟಾಗಂಗಿಲ್ಲ, ಮರ್ಯಾದಿ ಕೊಟ್ಟ ಮಾತಾಡ್ತಾನ, ಕಡೀಕ ಈ ಬೇಡಿ ಒಂದ್ ಬಿಟ್ಟು ನೀವೆಲ್ಲಾ ನನ್ನಂಗ ಆಗ್ರಿ ಅಂತಾನ (ಆ ಬೇಡಿ ಮಾತಿಗೆ ನನಗ ನಗೂನೂ ಬರ್ತೈತಿ, ಕಣ್ಣೀರೂ ಬರ್ತಾವ).

ಅದ ನೆನಪಾತು. ಒಳಗ "ಸ್ವಾಮಿ, ನೀನ ಮಾತಾಡು" ಅಂದ್ಕೊಂಡು ಹೇಳೇ ಬಿಟ್ಟೆ, "ಸರ್, ನಮ್ಮಪ್ಪ ಕುಡದು ಕುಡದು ಮನಿ ಮಾರಾಕ ನಿಂತಿದ್ರು, ಯೇಸುನ ನಂಬಿದ ಮ್ಯಾಲೆ ಬಾಟ್ಲಿ ಮುಟ್ಟಿಲ್ಲ, ಕಣ್ಣಾರೆ ನೋಡೀನ್ರೀ." ಧ್ವನಿ ನಡುಗ್ತಿತ್ತು ಬಿಡ್ರಿ, ಕೈಯಾಗಿನ ಫೈಲೂ.

ಯಾರೂ ನಗಲಿಲ್ಲ. ಸಾಹೇಬ್ರು ಪೆನ್ನು ತಿರುವಿಕೋಂತ ಕುಂತು "ನಾಳಿ ಬರ್ರಿ" ಅಂದ್ರು. ನಾಳಿ ಮತ್ತ ಹೋಗ್ಬೇಕು, ಮುಂಜಾನಿ ಬಸ್ಸಿಗೆ ಸೀಟ್ ಸಿಕ್ರ ಸಾಕು.