ಹತ್ತೊಂಬತ್ತು ಮನೆ ಎಂದುಕೊಂಡದ್ದು ಏಳಾಯಿತು

ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ ಬಂದು ಅಮೆರಿಕದ ಪ್ಲಿಮತ್‌ನಲ್ಲಿ ಇಳಿದವರು ಮನೆಗೆ ಜಾಗ ಅಳೆಯುವ ಮುಂಚೆ ಸಂಸಾರ ಎಣಿಸಿದರು. ಅದು 1620ರ ಡಿಸೆಂಬರ್ 28, ಅವರ ಹಳೆಯ ಕ್ಯಾಲೆಂಡರಿನ ಪ್ರಕಾರ. ಹೆಂಡತಿಯಿಲ್ಲದ ಗಂಡಸರು ಯಾವುದಾದರೊಂದು ಸಂಸಾರಕ್ಕೆ ಸೇರಿಕೊಳ್ಳಬೇಕು, ಆಗ ಕಟ್ಟುವ ಮನೆ ಕಡಿಮೆಯಾಗುತ್ತದೆ ಎಂಬ ಲೆಕ್ಕದಲ್ಲಿ ಹತ್ತೊಂಬತ್ತು ಸಂಸಾರ ಮಾಡಿದರು. ತಲೆಗೆ ಎಂಟೂಕಾಲು ಅಡಿ ಅಗಲ, ನಲವತ್ತೊಂಬತ್ತೂವರೆ ಅಡಿ ಉದ್ದದ ಪಟ್ಟಿ. ಯಾರ ಮನೆ ಎಲ್ಲಿ ಎಂಬುದಕ್ಕೆ ಚೀಟಿ ಎತ್ತಿದರು.

ಅಂದರೆ ಆ ಊರಿನಲ್ಲಿ ಸಂಸಾರ ಎಂದರೆ ರಕ್ತಸಂಬಂಧ ಮಾತ್ರವಲ್ಲ, ಒಂದೇ ಒಲೆಯಲ್ಲಿ ಉಣ್ಣುವವರ ಗುಂಪು. ಮೇಫ್ಲವರ್‌ನಲ್ಲಿ ಬಂದ 102 ಜನರೆಲ್ಲ ಇಂಗ್ಲೆಂಡಿನ ಚರ್ಚನ್ನು ತೊರೆದು ಹಾಲೆಂಡಿನ ಲೈಡನ್‌ನಲ್ಲಿ ನೆಲೆಸಿದ್ದ ಭಕ್ತರೇನೂ ಅಲ್ಲ. ಕೆಲಸಕ್ಕೆಂದು ಬಂದವರು, ಆಳುಗಳು, ಒಂಟಿ ಹುಡುಗರು ಎಲ್ಲರೂ ಇದ್ದರು. ದೇವರ ವಿಷಯದಲ್ಲಿ ಹೊಂದದವರೂ ಗಂಜಿಗೆ ಒಂದೇ ಮಡಕೆ ಹಂಚಿಕೊಳ್ಳಬೇಕಾಯಿತು.

ಆ ಚಳಿಗಾಲ ಈ ಲೆಕ್ಕವನ್ನೆಲ್ಲ ಅಳಿಸಿಹಾಕಿತು. ಅರ್ಧದಷ್ಟು ಜನ ಸತ್ತರು. ಹದಿನೆಂಟು ಗೃಹಿಣಿಯರಲ್ಲಿ ಮೊದಲ ಸುಗ್ಗಿಯ ಹೊತ್ತಿಗೆ ಉಳಿದವರು ನಾಲ್ವರು. ಗಂಡಸರು ದಡದಲ್ಲಿ ಮರ ಕಡಿಯುತ್ತಿದ್ದಾಗ ಹೆಂಗಸರು ಹಡಗಿನ ಥಂಡಿಯಲ್ಲಿ, ಒತ್ತೊತ್ತಾಗಿ, ರೋಗಿಗಳ ಪಕ್ಕದಲ್ಲೇ ಇದ್ದದ್ದು ಇದಕ್ಕೆ ಕಾರಣವಿರಬೇಕು. ಹದಿಮೂರರ ಆಸುಪಾಸಿನ ಎಲಿಜಬೆತ್ ಟಿಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡಳು. ಗವರ್ನರ್ ಕಾರ್ವರ್ ಏಪ್ರಿಲ್‌ನಲ್ಲಿ ಹೊಲದಿಂದ ತಲೆನೋವೆಂದು ಬಂದು ಮಲಗಿದವನು ಮತ್ತೆ ಏಳಲಿಲ್ಲ.

ಸುಸಾನಾ ವೈಟ್‌ಳ ಗಂಡ ಫೆಬ್ರವರಿಯಲ್ಲಿ ತೀರಿಕೊಂಡ. ಹಡಗು ಲಂಗರು ಹಾಕಿದ್ದಾಗ ಹುಟ್ಟಿದ್ದ ಪೆರೆಗ್ರಿನ್ ಇನ್ನೂ ಕೈಕೂಸು, ಅವನ ಅಣ್ಣ ರಿಸಾಲ್ವ್ಡ್ ಕೂಡ ಚಿಕ್ಕವನು. ಎಡ್ವರ್ಡ್ ವಿನ್ಸ್ಲೋನ ಹೆಂಡತಿ ಮಾರ್ಚ್ 24ಕ್ಕೆ ಸತ್ತಳು. ಮೇ 12ಕ್ಕೆ ಇವರಿಬ್ಬರ ಮದುವೆ ಆಯಿತು, ನಡುವೆ ಪೂರಾ ಎರಡು ತಿಂಗಳೂ ಇಲ್ಲ. ಅವಸರ ಎನ್ನುವವರು ಆ ಊರಿನ ಒಲೆಗಳನ್ನು ಎಣಿಸಿ ನೋಡಬೇಕು. ಮದುವೆಯನ್ನು ಪಾದ್ರಿ ಮಾಡಿಸಲಿಲ್ಲ, ಊರಿನ ಅಧಿಕಾರಿ ಮಾಡಿಸಿದ. ಊರಿನಲ್ಲಿ ಪಾದ್ರಿ ಇರಲಿಲ್ಲ ಎನ್ನುವುದು ಹೌದು, ಆದರೆ ಇದ್ದಿದ್ದರೂ ಹೀಗೇ ಆಗುತ್ತಿತ್ತು. ಮದುವೆ ಆಸ್ತಿ, ವಾರಸುದಾರಿಕೆಗಳ ವಿಷಯ, ಬೈಬಲ್ಲಿನಲ್ಲಿ ಅದು ಪಾದ್ರಿಯ ಕೆಲಸವೆಂದು ಹೇಳಿಲ್ಲ ಎಂಬುದು ಇವರ ವಾದ. ಕ್ರಮವನ್ನು ಹಾಲೆಂಡಿನಲ್ಲಿ ನೋಡಿ ಕಲಿತಿದ್ದರು.

ಆಗ ಬಿತ್ತನೆ ಕಾಲ. ಎತ್ತಿಲ್ಲ, ನೇಗಿಲಿಲ್ಲ, ಮೊದಲ ದನ ಬಂದದ್ದು 1624ರಲ್ಲಿ. ಅಲ್ಲಿಯ ಮೂಲನಿವಾಸಿ ಟಿಸ್ಕ್ವಾಂಟಮ್ ಹೇಳಿಕೊಟ್ಟಂತೆ ಗುದ್ದಲಿಯಲ್ಲಿ ಮಣ್ಣು ಗುಡ್ಡೆ ಮಾಡಿ, ಅದರೊಳಗೆ ಮೀನು ಹೂತು, ಮೇಲೆ ನಾಲ್ಕೈದು ಮೆಕ್ಕೆಜೋಳದ ಕಾಳು ಊರಬೇಕು. ಮೀನು ಏಪ್ರಿಲ್ ನಡುವಿನಲ್ಲಿ ಹಳ್ಳ ಹತ್ತಿ ಬರುವ ಹೆರಿಂಗ್ ಜಾತಿಯದು. ಮೂರು ಅಡಿ ಅಂತರ ಬಿಟ್ಟರೂ ಎಕರೆಗೆ ಸುಮಾರು 4,800 ಗುಡ್ಡೆ, ಗುಡ್ಡೆಗೆ ಎರಡು ಮೂರು ಮೀನು. ಅವರು ಹಾಕಿದ್ದು ಇಪ್ಪತ್ತು ಎಕರೆ! ಇಷ್ಟು ಮೀನು ಹೊತ್ತವರಲ್ಲಿ ಹುಡುಗರೂ ಇದ್ದಿರಲೇಬೇಕು. ಹೂತ ಮೇಲೂ ಬಿಡುವಿಲ್ಲ. ಮೀನು ಕೊಳೆತು ಮಣ್ಣಾಗುವವರೆಗೆ, ಸುಮಾರು ಎರಡು ವಾರ, ರಾತ್ರಿ ಕಾವಲು ಬೇಕು. ಇಲ್ಲದಿದ್ದರೆ ತೋಳ ವಾಸನೆ ಹಿಡಿದು ಬಂದು ಮೀನಿನ ಜೊತೆ ಬೀಜವನ್ನೂ ಕೆದರಿಹಾಕುತ್ತದೆ.

ಇಂಗ್ಲೆಂಡಿನಿಂದ ತಂದ ಬೀಜವನ್ನು ಆರು ಎಕರೆಗೆ ಬಿತ್ತಿದ್ದರು. ಬಾರ್ಲಿ ಪರವಾಗಿಲ್ಲ ಎನ್ನುವಷ್ಟು ಬಂತು. ಬಟಾಣಿ ಚೆನ್ನಾಗಿಯೇ ಚಿಗುರಿ ಹೂ ಬಿಟ್ಟಿತು, ಆದರೆ ಬಿತ್ತಿದ್ದು ತಡವಾಗಿ ಬಿಸಿಲಿಗೆ ಹೂವೇ ಸುಟ್ಟುಹೋಯಿತು.

ಮೆಕ್ಕೆಜೋಳ ಉಳಿಯಿತು, ಅದರ ಜೊತೆ ಕುಟ್ಟುವ ಕೆಲಸವೂ ಬಂತು. ಒಣಗಿದ ತೆನೆ ಬಿಡಿಸಿ, ಮರದ ಒರಳಲ್ಲಿ ಕುಟ್ಟಿ, ಜರಡಿ ಹಿಡಿದು, ನುಣ್ಣನೆಯದನ್ನು ರೊಟ್ಟಿಗೆ ತೆಗೆದಿಟ್ಟು, ತರಿಯನ್ನು ಕಬ್ಬಿಣದ ಮಡಕೆಯಲ್ಲಿ ನಿಧಾನ ಬೇಯಿಸಬೇಕು. ನಮ್ಮ ಜೋಳದ ನುಚ್ಚಿನ ಹಾಗೆಯೇ, ಅವಸರ ಮಾಡಿದರೆ ಹೊರಗೆ ಅಂಟು, ಒಳಗೆ ಕಾಳು. ಐವತ್ತರಷ್ಟು ಬಾಯಿಗೆ ಇದನ್ನು ಮಾಡಿದವರು ಆ ನಾಲ್ವರು ಹೆಂಗಸರು ಮತ್ತು ಬೆಳೆಯುತ್ತಿದ್ದ ಹುಡುಗಿಯರು. ವರ್ಷದ ಕೊನೆಗೆ ಎದ್ದು ನಿಂತ ವಾಸದ ಮನೆಗಳು ಏಳೇ. ನವೆಂಬರ್‌ನಲ್ಲಿ ಫಾರ್ಚೂನ್ ಹಡಗು 35 ಜನರನ್ನು ತಂದಿಳಿಸಿತು, ಹೆಚ್ಚಿನವರು ಹರೆಯದ ಗಂಡಸರು. ತಿನ್ನಲು ಏನೂ ತಂದಿರಲಿಲ್ಲ. ಅವರನ್ನೂ ಇರುವ ಸಂಸಾರಗಳಿಗೇ ಹಂಚಿ, ಎಲ್ಲರ ಪಡಿಯನ್ನು ಅರ್ಧಕ್ಕೆ ಇಳಿಸಿದರು.

ಪರಗಂಡಸರ ಬಟ್ಟೆ ಒಗೆಯುವುದು, ಅವರಿಗೆ ಬೇಯಿಸಿ ಹಾಕುವುದು ಜೀತವಾಯಿತೆಂದು ಹೆಂಗಸರು ಗೊಣಗಿದರು. ಗಂಡಂದಿರಿಗೂ ಅದು ಸಹಿಸಲಿಲ್ಲ. ಅದು ಸಹಜವೇ: ಬೆಳೆ ಎಲ್ಲರದು, ದುಡಿಮೆ ಮಾತ್ರ ನಮ್ಮದು ಎಂದರೆ ಭಕ್ತಿಯೂ ಎಷ್ಟು ದಿನ ಬಂದೀತು? 1623ರಲ್ಲಿ ಪ್ರತಿ ಸಂಸಾರಕ್ಕೂ ತಲೆಲೆಕ್ಕದಲ್ಲಿ ಹೊಲ ಕೊಟ್ಟು, ಒಂಟಿ ಹುಡುಗರನ್ನು ಯಾವುದಾದರೊಂದು ಮನೆಗೆ ಸೇರಿಸಿದರು. ಆ ವರ್ಷ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ತಾವಾಗಿಯೇ ಮೆಕ್ಕೆಜೋಳ ಊರಲು ಹೋದರು. ಇದನ್ನೇ ಬಲವಂತದಿಂದ ಮಾಡಿಸಿದ್ದರೆ ದೊಡ್ಡ ದಬ್ಬಾಳಿಕೆ ಎನಿಸಿಕೊಳ್ಳುತ್ತಿತ್ತು ಎಂದು ಕಾರ್ವರ್ ನಂತರ ಗವರ್ನರ್ ಆದ ಬ್ರಾಡ್‌ಫೋರ್ಡ್ ಬರೆದಿಟ್ಟಿದ್ದಾನೆ.